ಪೀಜಿ ಸೀಟು ಒಪ್ಪಿಕೊಳ್ಳುವ ಮುಂಚೆ ಆ ಆಸ್ಪತ್ರೆಯನ್ನು ರಾತ್ರಿ ಹೊತ್ತು ನೋಡಿ

ಎಂಬಿಬಿಎಸ್ ಮುಗಿಸಿದವರು ಮುಂದಿನ ತಜ್ಞ ಪದವಿಗೆ ಬರೆಯುವ ನೀಟ್ ಪೀಜಿ ಪರೀಕ್ಷೆಯ ಫಲಿತಾಂಶ ಬಂತು ಅಂದರೆ ನಮ್ಮ ಕೋಲಾರದ ಕಡೆ ಡಾಕ್ಟರ್ ಮಕ್ಕಳಿರುವ ಮನೆಗಳಲ್ಲಿ ಲೆಕ್ಕಾಚಾರ ಶುರು. ಯಾವ ಕಾಲೇಜಿಗೆ ಫೀಸ್ ಎಷ್ಟು? ಹೋದ ವರ್ಷ ಎಷ್ಟನೇ ರ‍್ಯಾಂಕಿಗೆ ಸೀಟು ಮುಗಿಯಿತು? ಶ್ರೀನಿವಾಸಪುರದ ಮಾವಿನ ತೋಟದ ಮೇಲೆ ಸಾಲ ತೆಗೆದರೆ ಸಾಕಾಗುತ್ತಾ? ಮಗಳು ಅಲ್ಲಿ ಮೂರು ವರ್ಷ ಹೇಗೆ ಇರುತ್ತಾಳೆ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ನಾನು ಓಬಿಜಿಯಲ್ಲಿ, ಅಂದರೆ ಹೆರಿಗೆ ಮತ್ತು ಸ್ತ್ರೀರೋಗ ವಿಭಾಗದಲ್ಲಿ ಎಂ.ಎಸ್. ಮಾಡಿದವಳು. ಓದಿದ್ದು ಬೇರೆ ಜಿಲ್ಲೆಯ ಒಂದು ಖಾಸಗಿ ಕಾಲೇಜಿನಲ್ಲಿ. ಹೆಸರು ಬೇಡ, ಅಂಥದ್ದು ಅದೊಂದೇ ಅಲ್ಲ. ಈ ಸಲ ಬೇಕಾದ ಕಾಲೇಜುಗಳನ್ನು ಆರಿಸುವ ಆಪ್ಷನ್ ಎಂಟ್ರಿಗೆ ಕೂತಿರುವವರು ಇದನ್ನು ಓದಿ ಆಮೇಲೆ ಕಾಲೇಜುಗಳ ಪಟ್ಟಿ ಮಾಡಲಿ ಅಂತ ಬರೆಯುತ್ತಿದ್ದೇನೆ.

ಸೇರುವಾಗ ಎಲ್ಲರೂ ಹೇಳಿದ್ದು ಒಂದೇ ಮಾತು: "ಅಲ್ಲಿ ಕೇಸ್ ಜಾಸ್ತಿ, ಕೈ ಪಳಗುತ್ತೆ." ಕೇಸ್ ಜಾಸ್ತಿ ಇದ್ದದ್ದು ನಿಜ. ಆದರೆ ಫಸ್ಟ್ ಇಯರ್‌ನವರ ಕೈ ಪಳಗಿದ್ದು ಬರೆಯುವುದರಲ್ಲಿ. ಅಟೆಂಡರ್ ಇಲ್ಲ, ಹಾಗಾಗಿ ರಕ್ತ ತೆಗೆದು ಲ್ಯಾಬಿಗೆ ಒಯ್ಯುವವರು ನಾವೇ. ಬ್ಲಡ್ ಬ್ಯಾಂಕಿಗೆ ಓಡುವವರು ನಾವೇ. ಸರ್ಕಾರ ಚಿಕಿತ್ಸೆಯ ಖರ್ಚು ಕೊಡುವ ಆರೋಗ್ಯ ಕರ್ನಾಟಕ ಯೋಜನೆಯ ಒಪ್ಪಿಗೆಗೆ ಫೋಟೋ, ರಿಪೋರ್ಟು ಅಪ್‌ಲೋಡ್ ಮಾಡುವವರೂ ನಾವೇ. ಇದೆಲ್ಲ ಮುಗಿಸಿ ಸಿಸೇರಿಯನ್‌ಗೆ ಹೋಗಿ ನಿಂತರೆ ಕೈಗೆ ಸಿಗುವುದು ಕೊಯ್ದ ಜಾಗವನ್ನು ಅಗಲಿಸಿ ಹಿಡಿಯುವ ರಿಟ್ರಾಕ್ಟರ್ ಅಷ್ಟೇ.

ಒಂದು ರಾತ್ರಿಯ ವಿಷಯ ಹೇಳಲೇಬೇಕು. ಹೆರಿಗೆ ನೋವು ಶುರುವಾದವರಿಗೆ ಪಾರ್ಟೋಗ್ರಾಫ್ ಅಂತ ಒಂದು ಹಾಳೆ ಇಡುತ್ತೇವೆ. ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ ಎಣಿಸಿ ಚುಕ್ಕಿ ಹಾಕಬೇಕು. ನಾಲ್ಕು ಗಂಟೆಗೊಮ್ಮೆ ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ ಅಂತ ನೋಡಿ ಗುರುತು ಹಾಕಬೇಕು. ಮಗು ಸುಸ್ತಾಗುತ್ತಿದೆಯಾ, ಹೆರಿಗೆ ಮುಂದಕ್ಕೆ ಹೋಗುತ್ತಿಲ್ಲವಾ ಅಂತ ಆ ಹಾಳೆ ನೋಡಿಯೇ ಗೊತ್ತಾಗುವುದು. ಅವತ್ತು ಲೇಬರ್ ರೂಮಿನಲ್ಲಿ ಒಂದು ಟೇಬಲ್ಲೂ ಖಾಲಿ ಇರಲಿಲ್ಲ. ನನ್ನ ಬ್ಯಾಚಿನ ಹುಡುಗಿ ಹಿಂದಿನ ದಿನ ಬೆಳಗ್ಗೆ ಬಂದವಳು ಇನ್ನೂ ಅಲ್ಲೇ ಇದ್ದಳು. ಅವಳ ಮುಂದಿದ್ದ ಹಾಳೆಯಲ್ಲಿ ಎರಡು ಗಂಟೆಯವರೆಗೆ ಚುಕ್ಕಿಗಳು ಸರಿಯಾಗಿದ್ದವು. ಆಮೇಲೆ ಪೆನ್ನಿನ ಗೀಟು ಒಂದೇ ಸಮ ಕೆಳಕ್ಕೆ ಜಾರಿ ಹಾಳೆಯ ಅಂಚು ದಾಟಿತ್ತು. ಕೂತಲ್ಲೇ ನಿದ್ದೆ ಹೋಗಿದ್ದಳು.

ಥರ್ಡ್ ಇಯರ್ ಮೇಡಂ ಬಂದರು. ತಾಯಿ ಹೇಗಿದ್ದಾಳೆ, ಮಗುವಿನ ಎದೆಬಡಿತ ಎಷ್ಟಿದೆ ಅಂತ ಕೇಳಲಿಲ್ಲ. ಹಾಳೆ ಹರಿದರು. "ಹೊಸದು ತಗೊಂಡು ಮೊದಲಿಂದ ನೀಟಾಗಿ ಬರಿ. ಬೆಳಗ್ಗೆ ರೌಂಡ್ಸ್‌ಗೆ ಮುಂಚೆ ಪೂರ್ತಿ ಆಗಿರಬೇಕು" ಅಂದರು. ಎಣಿಸದೇ ಇದ್ದ ಎದೆಬಡಿತಕ್ಕೂ ಚುಕ್ಕಿ ಬಿತ್ತು. ಜೊತೆಗೆ ಅವಳಿಗೆ ಶಿಕ್ಷೆ ಅಂತ ಇನ್ನಷ್ಟು ನೈಟ್ ಡ್ಯೂಟಿ. ಆ ಮಗು ಹುಟ್ಟಿ ಅತ್ತಿತು, ದೇವರ ದಯೆ. ದಾಖಲೆಯಲ್ಲಿ ಮಾತ್ರ ರಾತ್ರಿಯಿಡೀ ಎಲ್ಲವನ್ನೂ ನೋಡಿಕೊಂಡ ಹಾಗೆ ಇದೆ. ರೌಂಡ್ಸಿನಲ್ಲಿ ಹೆಚ್‌ಓಡಿ (ವಿಭಾಗದ ಮುಖ್ಯಸ್ಥರು) ಆ ಹಾಳೆ ನೋಡಿ ತಲೆಯಾಡಿಸಿ ಮುಂದೆ ಹೋದರು. ಮೂರು ವರ್ಷ ಇಂಥದ್ದೇ. ಜ್ವರ ಬಂದರೂ ರಜೆ ಕೇಳುವ ಹಾಗಿಲ್ಲ. ಕೇಳಿದರೆ "ನಾವೂ ಹೀಗೇ ಮಾಡಿಕೊಂಡು ಬಂದಿದ್ದೀವಿ" ಅನ್ನುವ ಉತ್ತರ ಸಿದ್ಧ.

ಕೆಲಸ ಜಾಸ್ತಿ ಅಂತ ನಾನು ದೂರುತ್ತಿಲ್ಲ. ಪೀಜಿ ಮುಗಿಸಿ ಕಡ್ಡಾಯ ಸೇವೆಗೆ ಕೋಲಾರ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದಕ್ಕೆ ಬಂದೆ. ಅಲ್ಲೂ ನಿದ್ದೆ ಕಡಿಮೆಯೇ. ಆದರೆ ಸಿಸ್ಟರ್ ಜೊತೆಗೆ ನಿಲ್ಲುತ್ತಿದ್ದರು. ರಕ್ತಸ್ರಾವ ನಿಲ್ಲುತ್ತಿಲ್ಲ ಅಂತ ಫೋನ್ ಮಾಡಿದರೆ ಹಿರಿಯ ಡಾಕ್ಟರ್ "ಬಂದೆ ಕಣಮ್ಮಾ" ಅಂತ ಹೊರಟೇಬಿಡುತ್ತಿದ್ದರು. ಕಾಲು ನೋಯುತ್ತಿತ್ತು, ಹೆದರಿಕೆ ಇರಲಿಲ್ಲ. ಕೆಲಸದ ಹೊರೆ ಮತ್ತು ಕಾಲೇಜಿನ ವಾತಾವರಣ ಎರಡನ್ನೂ ಬೇರೆ ಬೇರೆಯಾಗಿ ನೋಡಿ ಅಂತ ನಾನು ಹೇಳುವುದು ಇದಕ್ಕೇ.

ಕಾಗದದ ಮೇಲೆ ಎಲ್ಲ ಚೆನ್ನಾಗಿಯೇ ಇದೆ. ಒಂದೇ ಸಮ 12 ಗಂಟೆಗಿಂತ ಜಾಸ್ತಿ ಕೆಲಸ ಬೇಡ, ಸಾಮಾನ್ಯವಾಗಿ ವಾರಕ್ಕೆ 48 ಗಂಟೆ ಅಂತ ಪೀಜಿ ಡಾಕ್ಟರುಗಳ ಕೆಲಸದ ಬಗ್ಗೆ ಕೇಂದ್ರ ಮಾಡಿದ ರೆಸಿಡೆನ್ಸಿ ಯೋಜನೆ 1992ರಲ್ಲೇ ಹೇಳಿದೆ. ಎನ್‌ಎಂಸಿಯ, ಅಂದರೆ ರಾಷ್ಟ್ರೀಯ ವೈದ್ಯಕೀಯ ಆಯೋಗದ, 2023ರ ಪೀಜಿ ನಿಯಮದಲ್ಲಿ ವಾರದ ರಜೆ ಇದೆ, ವರ್ಷಕ್ಕೆ 20 ದಿನ ಸಾಂದರ್ಭಿಕ ರಜೆ ಇದೆ. ಕೆಲಸದ ಗಂಟೆ ಎಷ್ಟು ಅನ್ನುವ ಕಡೆ ಮಾತ್ರ "ಸಮಂಜಸ" ಅಂತ ಬರೆದು ಬಿಟ್ಟಿದ್ದಾರೆ. 2024ರಲ್ಲಿ ಎನ್‌ಎಂಸಿಯದೇ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರಬಾರದು ಅಂತ ಶಿಫಾರಸು ಮಾಡಿತು. ಕಾಲೇಜು ನಿಮಗೆ ತೋರಿಸುವ ಡ್ಯೂಟಿ ಪಟ್ಟಿ ಇದಕ್ಕೆಲ್ಲ ಸರಿಹೊಂದುವ ಹಾಗೇ ಇರುತ್ತದೆ. ಅದನ್ನು ನಂಬಬೇಡಿ.

ಹೋಗಿ ನೋಡಿ. ಹಗಲು ಹೊತ್ತಿನಲ್ಲಿ ಅಲ್ಲ, ರಾತ್ರಿ ಹತ್ತರ ಮೇಲೆ. ಆಸ್ಪತ್ರೆ ಗೇಟಿನ ಎದುರು ಟೀ ಅಂಗಡಿ ಇದ್ದೇ ಇರುತ್ತದೆ, ಪೀಜಿಗಳು ಅಲ್ಲಿಗೆ ಬಂದೇ ಬರುತ್ತಾರೆ. "ಕಾಲೇಜು ಹೇಗಿದೆ" ಅಂತ ಕೇಳಬೇಡಿ, "ಪರವಾಗಿಲ್ಲ" ಅಂತಾರೆ. "ಇವತ್ತು ಎಷ್ಟು ಗಂಟೆಗೆ ಬಂದ್ರಿ, ರೂಮಿಗೆ ಯಾವಾಗ ಹೋಗ್ತೀರಿ" ಅಂತ ಕೇಳಿ. ಸ್ಯಾಂಪಲ್ ಲ್ಯಾಬಿಗೆ ಯಾರು ಒಯ್ಯುತ್ತಾರೆ? ರಾತ್ರಿ ಕಷ್ಟದ ಕೇಸ್ ಬಂದರೆ ಕನ್ಸಲ್ಟೆಂಟ್ ಬರ್ತಾರಾ, ಫೋನಲ್ಲೇ ಹೇಳ್ತಾರಾ? ಹೋದ ಸಲ ಒಬ್ಬರಿಗೆ ಹುಷಾರಿಲ್ಲದಾಗ ಅವರ ಡ್ಯೂಟಿ ಯಾರು ಮಾಡಿದರು? ಥರ್ಡ್ ಇಯರ್‌ನವರು ಸಿಕ್ಕರೆ, ತಾವೇ ಕೈಯಾರೆ ಮಾಡಿದ ಮೊದಲ ಆಪರೇಷನ್ ಯಾವ ವರ್ಷದಲ್ಲಿ ಸಿಕ್ಕಿತು ಅಂತ ಕೇಳಿ. ಉತ್ತರ ಕೊಡುವ ಮುಂಚೆ ಅವರು ಹಿಂದೆ ಮುಂದೆ ಯಾರಾದರೂ ಇದ್ದಾರಾ ಅಂತ ತಿರುಗಿ ನೋಡಿದರೆ, ಉತ್ತರ ಅಲ್ಲೇ ಸಿಕ್ಕಿತು.

ಎಲ್ಲಕ್ಕಿಂತ ಮುಖ್ಯವಾದದ್ದು, ಪ್ರತಿ ಬ್ಯಾಚಿನಲ್ಲಿ ಸೀಟು ಎಷ್ಟು, ಇವತ್ತು ಕೆಲಸ ಮಾಡುತ್ತಿರುವವರು ಎಷ್ಟು ಅಂತ ತಿಳಿದುಕೊಳ್ಳಿ. ಲೆಕ್ಕ ತಾಳೆ ಆಗದಿದ್ದರೆ ಬಿಟ್ಟು ಹೋದವರನ್ನು ಹುಡುಕಿ ಮಾತಾಡಿ. ಒಳಗಿರುವವರಿಗೆ ಪರೀಕ್ಷೆಯ ಭಯ, ಥೀಸಿಸ್ ಸಹಿಯ ಭಯ. ಬಿಟ್ಟವರಿಗೆ ಆ ಭಯ ಇಲ್ಲ. ಸ್ಟೈಪೆಂಡ್, ಅಂದರೆ ಕಾಲೇಜು ಪೀಜಿಗಳಿಗೆ ಕೊಡುವ ತಿಂಗಳ ಹಣದ ಬಗ್ಗೆಯೂ ಕೇಳಿ. ಅಕೌಂಟಿಗೆ ಬರುತ್ತಾ ಅನ್ನುವುದು ಸಾಲದು, ಬಂದದ್ದು ಕೈಯಲ್ಲಿ ಉಳಿಯುತ್ತಾ ಅಂತ ಕೇಳಬೇಕು. ಕೆಲವು ಕಡೆ ಹಾಕಿದ ಹಣವನ್ನು ವಾಪಸ್ ಇಸಿದುಕೊಳ್ಳುತ್ತಾರೆ.

ಸೇರಿದ ಮೇಲೆ ಬಿಡುವುದು ಸುಲಭವಲ್ಲ. ಸೀಟು ಬಿಟ್ಟರೆ ಲಕ್ಷಗಟ್ಟಲೆ ದಂಡ ಕಟ್ಟಬೇಕಾದ ಕರಾರಿಗೆ ಸಹಿ ಹಾಕಿಸಿಕೊಳ್ಳುವುದುಂಟು. ಈ ಪದ್ಧತಿ ಕೈಬಿಡಿ ಅಂತ ಎನ್‌ಎಂಸಿ 2024ರಲ್ಲಿ ರಾಜ್ಯಗಳಿಗೆ ಬರೆದಿದೆ. ಆದರೂ ನಿಮ್ಮ ಕಾಲೇಜಿನ ಕರಾರಿನಲ್ಲಿ ಏನಿದೆ ಅಂತ ಮನೆಯವರ ಜೊತೆ ಕೂತು ಸಾಲು ಸಾಲು ಓದಿಯೇ ಸಹಿ ಮಾಡಿ.

ಈಗಾಗಲೇ ಒಳಗೆ ಸಿಕ್ಕಿಕೊಂಡಿರುವವರು ಡ್ಯೂಟಿ ಗಂಟೆಗಳನ್ನು ದಿನಾ ಬರೆದಿಡಿ, ಮೆಸೇಜುಗಳನ್ನು ಅಳಿಸಬೇಡಿ. ಸೀನಿಯರ್‌ಗಳು ಕೊಡುವ ಹಿಂಸೆಯೂ ರ‍್ಯಾಗಿಂಗೇ. ದೂರು ಕೊಡಲು ರಾಷ್ಟ್ರೀಯ ಸಹಾಯವಾಣಿ 1800-180-5522 ಇದೆ. ಮನಸ್ಸು ಕುಸಿಯುತ್ತಿದೆ ಅನ್ನಿಸಿದರೆ ಯಾರಿಗೂ ಕಾಯಬೇಡಿ, ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಾಗಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು.