ಪೀನಾ ಬೌಶ್: ಮೊದಲು ಯಾವುದನ್ನು ನೋಡಬೇಕು?

ಜರ್ಮನಿಯ ನೃತ್ಯ ಸಂಯೋಜಕಿ ಪೀನಾ ಬೌಶ್ ಅವರನ್ನು ಹೊಸದಾಗಿ ನೋಡಹೊರಟವರ ಮುಂದೆ ಸಾಮಾನ್ಯವಾಗಿ ಎರಡು ಕೃತಿಗಳಿರುತ್ತವೆ: 1975ರ ‘ದಿ ರೈಟ್ ಆಫ್ ಸ್ಪ್ರಿಂಗ್’ ಮತ್ತು 1978ರ ‘ಕೆಫೆ ಮ್ಯೂಲರ್’.

‘ರೈಟ್’ ಬಗ್ಗೆ ವಿಮರ್ಶಕರಲ್ಲಿ ಈಗ ದೊಡ್ಡ ತಕರಾರಿಲ್ಲ. ರಷ್ಯನ್ ಸಂಗೀತ ಸಂಯೋಜಕ ಸ್ಟ್ರಾವಿನ್‌ಸ್ಕಿಯ ಸಂಗೀತ, ರಂಗದ ತುಂಬ ಹರಡಿದ ಮಣ್ಣು, ಬಲಿಯಾಗುವ ಹೆಣ್ಣು ಯಾರೆಂದು ತೀರ್ಮಾನವಾಗುವವರೆಗೆ ಕೈಯಿಂದ ಕೈಗೆ ದಾಟುವ ಕೆಂಪು ಉಡುಪು. ಕುಣಿದು ಕುಣಿದು ಕಲಾವಿದರ ಮೈಗೆಲ್ಲ ಮಣ್ಣು ಮೆತ್ತಿ, ಏದುಸಿರು ಕೇಳಿಸುತ್ತದೆ. ಪ್ಯಾರಿಸ್ ಒಪೆರಾದಂಥ ಬ್ಯಾಲೆ ತಂಡವೂ ಇದನ್ನು ತನ್ನದಾಗಿಸಿಕೊಂಡಿದೆ.

‘ಕೆಫೆ ಮ್ಯೂಲರ್’ ಹಾಗಲ್ಲ. ಕುರ್ಚಿ–ಮೇಜುಗಳ ನಡುವೆ ಕಣ್ಣು ಮುಚ್ಚಿ ನಡೆಯುವ ಹೆಣ್ಣು, ಅವಳು ಎಡವದಂತೆ ಕುರ್ಚಿಗಳನ್ನು ಎಳೆದೆಸೆಯುವ ಗಂಡು, ಹಿನ್ನೆಲೆಯಲ್ಲಿ ಹದಿನೇಳನೇ ಶತಮಾನದ ಇಂಗ್ಲಿಷ್ ಸಂಗೀತ ಸಂಯೋಜಕ ಪರ್ಸೆಲ್‌ನ ಹಾಡು. ಒಬ್ಬಾತ ಬಂದು ಅಪ್ಪಿಕೊಂಡ ಜೋಡಿಯನ್ನು ಬಿಡಿಸಿ, ಹೆಣ್ಣನ್ನು ಗಂಡಿನ ತೋಳುಗಳ ಮೇಲೆ ಮಲಗಿಸುತ್ತಾನೆ. ಅವಳು ಜಾರಿ ಬೀಳುತ್ತಾಳೆ, ಎದ್ದು ಮತ್ತೆ ಅಪ್ಪುತ್ತಾಳೆ. ಇದು ಮತ್ತೆ ಮತ್ತೆ, ಬರಬರುತ್ತಾ ವೇಗವಾಗಿ. ಕೊನೆಗೆ ಆತ ಹೊರಟುಹೋದರೂ ಜೋಡಿ ತಾನೇ ಅದನ್ನು ಮಾಡುತ್ತಿರುತ್ತದೆ. ಕೆಲವರಿಗೆ ಇದು ಮೇರುಕೃತಿ, ಕೆಲವರಿಗೆ ಬೇಸರ.

1984ರಲ್ಲಿ ಬೌಶ್ ಅವರ ತಂಡ ನ್ಯೂಯಾರ್ಕ್‌ಗೆ ಬಂದಾಗ ‘ದಿ ನ್ಯೂಯಾರ್ಕರ್’ ಪತ್ರಿಕೆಯ ನೃತ್ಯ ವಿಮರ್ಶಕಿ ಆರ್ಲೀನ್ ಕ್ರೋಚೆ, ಬೌಶ್ ನೋವನ್ನೇ ಪ್ರದರ್ಶನದ ಸರಕು ಮಾಡುತ್ತಾರೆಂದು ಕಟುವಾಗಿ ಬರೆದರು. ಆ ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾರೆ. ಆದರೆ ಮೇಲಿನ ದೃಶ್ಯದಲ್ಲಿ ನನಗೆ ಕಾಣುವುದು ನೋವಿಗಿಂತ ಹೆಚ್ಚಾಗಿ ಚಟ.

ನೃತ್ಯವೆಂದರೆ ಕುಣಿತವೇ ಬೇಕೆನ್ನುವವರು ‘ರೈಟ್’ ನೋಡಿ. ನಾಟಕದ ರುಚಿ ಇದ್ದವರು, ತುಸು ತಾಳ್ಮೆಯೂ ಇದ್ದರೆ, ಸೀದಾ ‘ಕೆಫೆ ಮ್ಯೂಲರ್’ಗೆ ಹೋಗಿ. ಎರಡರಲ್ಲಿ ಯಾವುದಾದರೂ ಒಂದು ಗಂಟೆಯೊಳಗೇ ಮುಗಿಯುತ್ತದೆ.