ಕ್ಯಾಂಪಸ್ಸೋ, ಕಡಲ ಕೇಂದ್ರವೋ?

ಸಮುದ್ರ ವಿಜ್ಞಾನದ ಸೆಮಿಸ್ಟರ್ ಎಲ್ಲಿ ಓದೋದು? ಕ್ಯಾಂಪಸ್‌ನಲ್ಲಿ ಟೈಮ್‌ಟೇಬಲ್ ಬದಲಾಗಲ್ಲ. ಕಡಲ ತೀರದ ಕೇಂದ್ರದಲ್ಲಿ ಇಳಿತ, ಅಂದರೆ ಕಡಲ ನೀರು ಹಿಂದೆ ಸರಿದು ಬಂಡೆ ಕಾಣುವ ಹೊತ್ತು, ಹೇಳಿದ ಹಾಗೆ ಕೇಳಬೇಕು. ಅದು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇವತ್ತು ಬೆಳಿಗ್ಗೆ 9ಕ್ಕೆ ಬಂಡೆ ಮೇಲಿದ್ದರೆ, ವಾರ ಕಳೆದು ಮಧ್ಯಾಹ್ನ 3ರ ಬಿಸಿಲಲ್ಲಿ.

ಲ್ಯಾಬಿನ ಬಾಟಲಿಯಲ್ಲಿ ಸಿಗೋದು ಫಾರ್ಮಲಿನ್‌ನಲ್ಲಿ (ಸತ್ತ ಜೀವಿ ಕೆಡದಂತೆ ಇಡುವ ದ್ರಾವಣ) ಬಣ್ಣ ಕಳೆದುಕೊಂಡ ಜೀವಿ. ತೀರದಲ್ಲಿ ಹಾಗಲ್ಲ. ನೀರು ಏರಿದೊಡನೆ ಬಂಡೆಗೆ ಅಂಟಿಕೊಂಡ ಪುಟ್ಟ ಚಿಪ್ಪುಜೀವಿಗಳಾದ ಬಾರ್ನಕಲ್‌ಗಳು ಚಿಪ್ಪು ತೆರೆದು, ಗರಿಯಂಥ ಕಾಲು ಬೀಸಿ ಆಹಾರ ಹಿಡಿಯುವುದು ಕಣ್ಣೆದುರೇ ಕಾಣುತ್ತದೆ. ಇದೊಂದಕ್ಕೇ ನನ್ನ ಓಟು ಕಡಲಿಗೆ.

ದೊಡ್ಡ ಲೈಬ್ರರಿ, ಬೇರೆ ವಿಷಯದ ಕ್ಲಾಸು, ಹಳೇ ಗೆಳೆಯರು ಎಲ್ಲ ಕ್ಯಾಂಪಸ್‌ನಲ್ಲೇ, ನಿಜ. ತೀರಕ್ಕೆ ಹೋಗೋದಾದರೆ, ಅಲ್ಲಿನ ಕ್ರೆಡಿಟ್ ನಿಮ್ಮ ಕಾಲೇಜಿಗೆ ವರ್ಗಾವಣೆ ಆಗುತ್ತದಾ ಅಂತ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ. ಸಂಖ್ಯಾಶಾಸ್ತ್ರ ಇನ್ನೂ ಓದಿಲ್ಲವಾ? ಹಾಗಾದರೆ ಈ ಸಲ ಕ್ಯಾಂಪಸ್ಸೇ ಸರಿ. ಅದು ಗೊತ್ತಿಲ್ಲದೆ ಹೋದರೆ, ಬಂಡೆ ಮೇಲೆ ಎಣಿಸಿದ ಜೀವಿಗಳ ಅಂಕಿ ಸುಮ್ನೆ ನೋಟ್‌ಬುಕ್‌ನಲ್ಲೇ ಕೂರುತ್ತದೆ.