ಮಂಡಿ ಮೊಹಲ್ಲಾದಲ್ಲಿ ಹಳೆಯ ವ್ಯಾಕ್ಯೂಮ್ ಕ್ಲೀನರ್‌ಗಳ ಕಾಲನಿರ್ಣಯ

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹಳೆಯ ವಿದ್ಯುತ್ ಉಪಕರಣಗಳನ್ನು ರಿಪೇರಿ ಮಾಡುವ ಅಂಗಡಿಯೊಂದಿದೆ. ತಂದ ವಸ್ತು ಯಾವ ಕಂಪನಿಯದು, ಯಾವ ಕಾಲದ್ದು ಎಂಬುದನ್ನೂ ಅಲ್ಲಿ ಸಣ್ಣ ಶುಲ್ಕಕ್ಕೆ ಪರಿಶೀಲಿಸಿ ಹೇಳುತ್ತಾರೆ. ನಮ್ಮ ಅಟ್ಟದ ಮೇಲಿದ್ದ ಹೂವರ್ ಕಂಪನಿಯ ವ್ಯಾಕ್ಯೂಮ್ ಕ್ಲೀನರ್ 1908ರದು ಎಂಬ ಮಾತು ಮನೆಯಲ್ಲಿ ಬಹುಕಾಲದಿಂದ ನಡೆದುಬಂದಿತ್ತು. ಅದನ್ನು ಪರೀಕ್ಷಿಸಲೆಂದೇ ಅಲ್ಲಿಗೆ ಒಯ್ದೆ.

ಯಜಮಾನರು ಪ್ಲಗ್ ಮುಟ್ಟಲಿಲ್ಲ. ಯಂತ್ರವನ್ನು ಮಗುಚಿ ತಳದ ಲೋಹದ ಫಲಕವನ್ನು ಓದಿದರು. ಅಮೆರಿಕದ ಒಹಾಯೊದಲ್ಲಿ ಜೇಮ್ಸ್ ಸ್ಪ್ಯಾಂಗ್ಲರ್ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದದ್ದೂ ಹೂವರ್ ಅದನ್ನು ಮಾರಲು ತೊಡಗಿದ್ದೂ 1908ರಲ್ಲಿ ಎಂಬುದು ನಿಜವೇ. ಆದರೆ ನಮ್ಮ ಫಲಕದಲ್ಲಿದ್ದ ಊರು ಲಂಡನ್ನಿನ ಪಶ್ಚಿಮಕ್ಕಿರುವ ಪೆರಿವೇಲ್, ಮತ್ತು ಅಲ್ಲಿನ ಕಾರ್ಖಾನೆ ತೆರೆದದ್ದು 1933ರಲ್ಲಿ. ಮನೆಯ ಮಾತು ಅಲ್ಲಿಗೇ ಬಿದ್ದುಹೋಯಿತು. ಫಲಕದ ಮೇಲಿನ ಪೇಟೆಂಟ್ ಸಂಖ್ಯೆ ಸೂಚಿಸುವ ವರ್ಷವನ್ನೇ ತಯಾರಿಕೆಯ ವರ್ಷವೆಂದು ತಿಳಿಯುವವರೇ ಹೆಚ್ಚು ಎಂದು ಅವರು ಎಚ್ಚರಿಸಿದರು. ಅಮೆರಿಕದ ಯಂತ್ರಗಳಲ್ಲಿ ಈ ಸಂಖ್ಯೆ ಬಹಳ ಉಪಯುಕ್ತ, ಏಕೆಂದರೆ ಕ್ರಮವಾಗಿ ಏರುವ ಅಲ್ಲಿನ ಪೇಟೆಂಟ್ ಸಂಖ್ಯೆಗಳು 1911ರಲ್ಲಿ ಹತ್ತು ಲಕ್ಷವನ್ನೂ 1935ರಲ್ಲಿ ಇಪ್ಪತ್ತು ಲಕ್ಷವನ್ನೂ ಮುಟ್ಟಿದವು; ಆದರೂ ಫಲಕದಲ್ಲಿರುವ ಅತಿ ದೊಡ್ಡ ಸಂಖ್ಯೆ ಹೇಳುವುದು ಯಂತ್ರ ಅದಕ್ಕಿಂತ ಹಳೆಯದಲ್ಲ ಎಂಬುದನ್ನು ಮಾತ್ರ, ಎಷ್ಟು ಹೊಸದು ಎಂಬುದನ್ನಲ್ಲ.

ಫಲಕದ ನಂತರ ಅವರು ನೋಡಿದ್ದು ಆಕಾರ ಮತ್ತು ವಸ್ತು. ಹಾಸನ್ನು ಬಡಿಯುವ ಪಟ್ಟಿಗಳುಳ್ಳ ಉರುಳೆ ಹೂವರ್‌ಗೆ ಬಂದದ್ದು 1926ರಲ್ಲಿ, ಹೆನ್ರಿ ಡ್ರೈಫಸ್ ವಿನ್ಯಾಸದ, ಬೇಕಲೈಟ್ ಎಂಬ ಹಳೆಯ ಗಟ್ಟಿ ಪ್ಲಾಸ್ಟಿಕ್ಕಿನ ಮುಚ್ಚಳದ ಮಾದರಿ ಬಂದದ್ದು 1936ರಲ್ಲಿ. ನಮ್ಮದರಲ್ಲಿ ಎರಡೂ ಇದ್ದವು. ಜಾರುಪಟ್ಟಿಗಳ ಮೇಲೆ ನೆಲದಲ್ಲಿ ಎಳೆಯುವ ಉದ್ದನೆಯ ಕೊಳವೆಯಂಥ ಯಂತ್ರವಾಗಿದ್ದರೆ ಎಲೆಕ್ಟ್ರೋಲಕ್ಸ್‌ನ 1921ರ ಮಾದರಿಯಿಂದ ಎಣಿಕೆ ಆರಂಭಿಸಬೇಕು, ಚೆಂಡಿನಂತೆ ದುಂಡಗಿದ್ದರೆ 1954ರ ಹೂವರ್ ಕಾನ್‌ಸ್ಟಲೇಶನ್‌ನಿಂದ. ಬಟ್ಟೆ ಹೆಣೆದ ವೈರು, ನಕ್ಷತ್ರ ಗುರುತಿನ ಸ್ಕ್ರೂ, ಧೂಳಿನ ಚೀಲ ಇವುಗಳನ್ನು ಅವರು ದುರ್ಬಲ ಸಾಕ್ಷಿಗಳೆಂದು ಬದಿಗಿಟ್ಟರು. ಅವನ್ನು ಯಾರು ಯಾವಾಗ ಬೇಕಾದರೂ ಬದಲಿಸಿರಬಹುದು. ಕೊನೆಗೆ ಒಂದೇ ವರ್ಷ ಹೇಳಿ ಎಂದು ಒತ್ತಾಯಿಸಿದಾಗ, "ಅದು ನನ್ ಕೈಲಾಗಲ್ಲ ಸಾರ್, ಮೂವತ್ತಾರರಿಂದ ಐವತ್ತರ ಆಸುಪಾಸು ಅಂತ ಬರೆದುಕೊಡ್ತೀನಿ" ಎಂದರು. ಈ ಸೇವೆಗೆ ನಾನು ಬೆಲೆ ಕೊಡುವುದು ಮುಖ್ಯವಾಗಿ ಈ ನಿರಾಕರಣೆಗಾಗಿ. ಗಿರಾಕಿಯ ಸಂತೋಷಕ್ಕಾಗಿ ಇಪ್ಪತ್ತು ಮೂವತ್ತು ವರ್ಷ ಸೇರಿಸಿ ಹೇಳುವುದು ಈ ವ್ಯಾಪಾರದಲ್ಲಿ ಕಷ್ಟವೇನಲ್ಲ. ಅದೇ ಹೊತ್ತಿಗೆ ಯೂರೇಕಾ ಫೋರ್ಬ್ಸ್‌ನ ಯೂರೋಕ್ಲೀನ್ ಒಂದನ್ನು ಅಜ್ಜನ ಕಾಲದ್ದೆಂದು ತಂದವರೊಬ್ಬರಿಗೂ, ಆ ಕಂಪನಿ ಹುಟ್ಟಿದ್ದೇ 1982ರಲ್ಲಿ ಎಂದು ಅಷ್ಟೇ ಸೌಜನ್ಯದಿಂದ ತಿಳಿಸಿದರು. (ಅಜ್ಜನಿಗೆ ಆಗ ಎಷ್ಟು ವಯಸ್ಸಾಗಿತ್ತು ಎಂದು ಯಾರೂ ಕೇಳಲಿಲ್ಲ.)

ವಿದ್ಯುತ್ ಸುರಕ್ಷತೆಯ ಬಗೆಗೂ ಅವರು ಜಾಗರೂಕರು. ಹಳೆಯ ರಬ್ಬರಿನ ಕವಚ ಒಣಗಿ ಉದುರುವುದರಿಂದ ಕರೆಂಟ್ ಸೋರಿಕೆ ಪರೀಕ್ಷಿಸುವ ಮೆಗ್ಗರ್ ಉಪಕರಣದಿಂದ ಅಳೆಯದೆ ಯಾವ ಯಂತ್ರಕ್ಕೂ ಕರೆಂಟ್ ಕೊಡುವುದಿಲ್ಲ, ಫಲಕದಲ್ಲಿ 110 ವೋಲ್ಟ್ ಎಂದಿದ್ದರೆ ಟ್ರಾನ್ಸ್‌ಫಾರ್ಮರ್ ಇಲ್ಲದೆ ಚಾಲೂ ಮಾಡುವುದಿಲ್ಲ.

ಆಕ್ಷೇಪಗಳು ಎರಡು. ಅಂಗಡಿಯ ಹುಡುಗ ಯಂತ್ರ ಕೈಗೆ ಬಂದೊಡನೆ ಪಾಲಿಶ್ ಹಚ್ಚಿ ಫಲಕವನ್ನು ಉಜ್ಜಲು ಹೊರಡುತ್ತಾನೆ. ಅಕ್ಷರಗಳು ಬಣ್ಣದಲ್ಲಿ ಮುದ್ರಿತವಾಗಿದ್ದರೆ ಕಾಲನಿರ್ಣಯದ ಮುಖ್ಯ ಆಧಾರವೇ ಅಳಿಸಿಹೋದೀತು. ಎರಡನೆಯದಾಗಿ, ಬರೆದುಕೊಡುವ ಚೀಟಿಯಲ್ಲಿ ತೀರ್ಮಾನ ಮಾತ್ರ ಇರುತ್ತದೆ, ಬಾಯಲ್ಲಿ ಅಷ್ಟು ವಿವರವಾಗಿ ಹೇಳಿದ ಕಾರಣಗಳಿರುವುದಿಲ್ಲ. ಯಂತ್ರವನ್ನು ಮಾರುವ ಉದ್ದೇಶವಿರುವವರು ಕಾರಣಗಳನ್ನೂ ಬರೆಸಿಕೊಳ್ಳಬೇಕು, ಮತ್ತು ಮನೆಯಿಂದ ಹೊರಡುವ ಮುನ್ನವೇ ಫಲಕದ ಸ್ಪಷ್ಟ ಚಿತ್ರವೊಂದನ್ನು ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಬೇಕು.